ನಾಲ್ಕು ಲಕ್ಷ ಜನರ ದೇಶಕ್ಕೆ ಟೀವಿ ನ್ಯೂಸ್ ಯಾಕೆ ಬೇಕು?

ಒಂದು ದೇಶವಿದೆ. ಅಲ್ಲಿ ಪ್ರಧಾನಮಂತ್ರಿಯನ್ನೂ ಜನ ಹೆಸರು ಹಿಡಿದೇ ಕರೆಯುತ್ತಾರೆ. ಸಾರ್, ಸಾಹೇಬ್ರು, ಮಾನ್ಯರು, ಯಾವುದೂ ಇಲ್ಲ. ಟೆಲಿಫೋನ್ ಡೈರೆಕ್ಟರಿಯಲ್ಲಿ ಹೆಸರು ಜೋಡಿಸೋದು ಕೂಡ ಇಟ್ಟ ಹೆಸರಿನ ಪ್ರಕಾರವೇ. ಯಾಕಂದ್ರೆ ಅಲ್ಲಿ ಬಹುತೇಕರಿಗೆ ಮನೆತನದ ಹೆಸರೇ ಇಲ್ಲ. ಅಪ್ಪನ ಹೆಸರಿಗೆ ಮಗನಾದರೆ ‘ಸನ್’, ಮಗಳಾದರೆ ‘ದೋತ್ತಿರ್’ ಅಂತ ಸೇರಿಸಿದರೆ ಮುಗಿಯಿತು. ದೇಶದ ಹೆಸರು ಐಸ್‌ಲ್ಯಾಂಡ್. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಜನಸಂಖ್ಯೆ ನಾಲ್ಕು ಲಕ್ಷಕ್ಕೂ ಒಂದಿಷ್ಟು ಕಡಿಮೆ. 2011ರ ಜನಗಣತಿಯಲ್ಲಿ ನಮ್ಮ ದಾವಣಗೆರೆ ನಗರವೊಂದರಲ್ಲೇ 4.3 ಲಕ್ಷ ಜನ ಇದ್ದರು. ಅಂದರೆ ಇಡೀ ಐಸ್‌ಲ್ಯಾಂಡನ್ನು ತಂದು ದಾವಣಗೆರೆಯಲ್ಲಿ ಕೂರಿಸಿದರೂ ಜಾಗ ಮಿಗುತ್ತೆ.

ಈಗ ನೀವೇ ಯೋಚನೆ ಮಾಡಿ. ಇಷ್ಟು ಸಣ್ಣ ದೇಶ. ಮೂರರಲ್ಲಿ ಎರಡು ಪಾಲು ಜನ ರಾಜಧಾನಿ ರೇಕ್ಯಾವಿಕ್ ಸುತ್ತಮುತ್ತಲೇ ಇದ್ದಾರೆ. ಯಾರು ಯಾರ ಭಾವಮೈದುನ, ಯಾರು ಯಾರ ಸಾಲಗಾರ, ಎಲ್ಲರಿಗೂ ಗೊತ್ತು. ಮನೆಮನೆಯಲ್ಲೂ ಇಂಟರ್ನೆಟ್. ಅಂಥ ಕಡೆ ಪೇಪರ್ ಯಾಕೆ, ರೇಡಿಯೋ ಯಾಕೆ, ಕೋಟು ಹಾಕಿಕೊಂಡು ಸಂಜೆ ಏಳು ಗಂಟೆಗೆ ಕ್ಯಾಮೆರಾ ಮುಂದೆ ಕೂತು ನ್ಯೂಸ್ ಓದುವವರು ಯಾಕೆ?

ಈ ಪ್ರಶ್ನೆ ನನಗೆ ಹೊಟ್ಟೆಪಾಡಿನದ್ದು ಕೂಡ. ‘ಟೀವಿ ಯಾರ್ ನೋಡ್ತಾರೆ ಈಗ, ಎಲ್ಲಾ ಮೊಬೈಲ್‌ನಲ್ಲೇ ಬಂದುಬಿಡುತ್ತಲ್ಲ’ ಅಂತ ಯಾವ ಮದುವೆಗೆ ಹೋದರೂ ಒಬ್ಬರಾದರೂ ಕೇಳ್ತಾರೆ. ನಮ್ಮಂಥ ದೊಡ್ಡ ದೇಶದಲ್ಲಿ ಇದಕ್ಕೆ ಉತ್ತರ ಹುಡುಕೋದು ಕಷ್ಟ. ಇಲ್ಲಿ ಎಲ್ಲವೂ ಒಂದರೊಳಗೊಂದು ಸಿಕ್ಕಿಹಾಕಿಕೊಂಡಿದೆ. ಆದರೆ ನಾನು ಓದಿದ್ದು ಇಂಜಿನಿಯರಿಂಗ್. ದೊಡ್ಡ ಅಣೆಕಟ್ಟು ಅರ್ಥವಾಗದಿದ್ದರೆ ಮೊದಲು ಲ್ಯಾಬ್‌ನಲ್ಲಿ ಅದರ ಸಣ್ಣ ಮಾಡೆಲ್ ಮಾಡಿ ನೀರು ಬಿಟ್ಟು ನೋಡ್ತಾರೆ. ಸುದ್ದಿ ಮಾಧ್ಯಮದ ವಿಚಾರದಲ್ಲಿ ಅಂಥ ಮಾಡೆಲ್ ಐಸ್‌ಲ್ಯಾಂಡ್.

ಸ್ವಲ್ಪ ಹಿಂದಿನಿಂದ ಬರೋಣ.

ಅಲ್ಲಿನ ಹಳೆಯ ದಿನಪತ್ರಿಕೆ ಮೋರ್ಗುನ್‌ಬ್ಲಾದಿದ್. 1913ರ ನವೆಂಬರ್‌ನಲ್ಲಿ ಶುರುವಾಯಿತು. ಆ ಹೆಸರಿಗೆ ಬೆಳಗಿನ ಪತ್ರಿಕೆ ಅಂತಷ್ಟೇ ಅರ್ಥ. ಈ ಪತ್ರಿಕೆಯಲ್ಲಿ ಒಂದು ವಿಚಿತ್ರ ಸಂಪ್ರದಾಯವಿದೆ. ಯಾರಾದರೂ ತೀರಿಕೊಂಡರೆ ಅವರ ಮಕ್ಕಳು, ಮೊಮ್ಮಕ್ಕಳು, ಸ್ನೇಹಿತರು, ಜೊತೆ ಕೆಲಸ ಮಾಡಿದವರು, ಯಾರು ಬೇಕಾದರೂ ಅವರ ಬಗ್ಗೆ ಲೇಖನ ಬರೆದು ಕಳಿಸಬಹುದು. ಪತ್ರಿಕೆ ಪುಟಗಟ್ಟಲೆ ಅಚ್ಚು ಹಾಕುತ್ತೆ. ನಮ್ಮಲ್ಲೂ ಶ್ರದ್ಧಾಂಜಲಿ ಜಾಹೀರಾತು ಇದೆ, ಫೋಟೋ ಹಾಕಿ ದುಡ್ಡು ಕೊಟ್ಟು ಹಾಕಿಸೋದು. ಅದು ಬೇರೆ. ಅಲ್ಲಿ ಮೀನು ಹಿಡಿಯುವವನ ಬಗ್ಗೆಯೂ ಬರೀತಾರೆ, ಮಾಜಿ ಮಂತ್ರಿಯ ಬಗ್ಗೆಯೂ ಬರೀತಾರೆ. ಸತ್ತ ಸುದ್ದಿ ಅಷ್ಟೊತ್ತಿಗೆ ಊರಿಗೆಲ್ಲ ಗೊತ್ತಾಗಿರುತ್ತೆ. ಆದರೂ ಅದು ಪತ್ರಿಕೆಯಲ್ಲಿ ಬರಬೇಕು. ಗೊತ್ತಿರೋದು ಬೇರೆ, ಎಲ್ಲರ ಮುಂದೆ ಗೊತ್ತಾಗೋದು ಬೇರೆ. ಇದನ್ನ ಮನಸ್ಸಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

1930ರಲ್ಲಿ ಸರ್ಕಾರಿ ರೇಡಿಯೋ ಬಂತು. ಅದರ ಹೆಸರು ರೂವ್. 1966ರಲ್ಲಿ ಅದೇ ಸಂಸ್ಥೆ ಟೀವಿ ಶುರು ಮಾಡಿತು. ಅದಕ್ಕೂ ಮುಂಚೆ ಕೆಫ್ಲಾವಿಕ್‌ನಲ್ಲಿದ್ದ ಅಮೆರಿಕನ್ ಸೇನಾ ನೆಲೆಯ ಟೀವಿ ಸಿಗ್ನಲ್ ಐಸ್‌ಲ್ಯಾಂಡಿನ ಮನೆಗಳಿಗೂ ಸಿಗ್ತಿತ್ತು. ನಮ್ಮ ಭಾಷೆ ಹಾಳಾಗುತ್ತೆ, ಇದನ್ನ ನಿಲ್ಲಿಸಿ ಅಂತ 1964ರಲ್ಲಿ ಅರವತ್ತು ಗಣ್ಯರು ಸಹಿ ಹಾಕಿ ಪಾರ್ಲಿಮೆಂಟಿಗೆ ಮನವಿ ಕೊಟ್ಟರು. ಆಮೇಲೆ ಬಂದ ಸ್ವಂತ ಟೀವಿಯಾದರೂ ಹೇಗಿತ್ತು ಅಂತೀರಿ? ಗುರುವಾರ ರಜೆ! 1987ರವರೆಗೆ ಗುರುವಾರ ಪ್ರಸಾರವೇ ಇರಲಿಲ್ಲ. 1983ರವರೆಗೆ ಜುಲೈ ತಿಂಗಳಿಡೀ ಟೀವಿ ಬಂದ್. ಜನ ಹೊರಗೆ ಹೋಗಲಿ, ಒಬ್ಬರನ್ನೊಬ್ಬರು ಮಾತಾಡಿಸಲಿ ಅನ್ನೋ ಕಾಲ. ನಮ್ಮ ಚಾನೆಲ್‌ಗಳಿಗೂ ವಾರಕ್ಕೊಂದು ದಿನ ಹೀಗೆ ಬೀಗ ಹಾಕಬೇಕು ಅಂತ ಹೇಳುವ ವೀಕ್ಷಕರು ಇದ್ದಾರೆ ಅಂತ ನನಗೆ ಗೊತ್ತು.

ಆ ಕಾಲದ ಪತ್ರಿಕೆಗಳು ಒಂದೊಂದು ಪಕ್ಷದ ಜೇಬಿನಲ್ಲಿದ್ದವು. ಯಾವ ಪೇಪರ್ ತರಿಸ್ತಾರೆ ಅಂತ ನೋಡಿದರೆ ಮನೆಯವರು ಯಾರಿಗೆ ಓಟು ಹಾಕ್ತಾರೆ ಅಂತ ಹೇಳಬಹುದಿತ್ತು. ಅದರಲ್ಲಿ ಗುಟ್ಟೇನೂ ಇರಲಿಲ್ಲ.

1984ರಲ್ಲಿ ಆ ದೇಶಕ್ಕೆ ಬೇಡದೇ ಇದ್ದ ಒಂದು ಪ್ರಯೋಗ ನಡೆದುಹೋಯಿತು. ಸೆಪ್ಟೆಂಬರ್‌ನಲ್ಲಿ ಮುದ್ರಣ ಕಾರ್ಮಿಕರು ಮುಷ್ಕರ ಹೂಡಿದರು, ಪೇಪರ್‌ಗಳು ನಿಂತವು. ಅಕ್ಟೋಬರ್‌ನಲ್ಲಿ ಸರ್ಕಾರಿ ನೌಕರರೂ ಮುಷ್ಕರಕ್ಕಿಳಿದರು, ಸರ್ಕಾರಿ ರೇಡಿಯೋ ಮತ್ತು ಟೀವಿಯ ನ್ಯೂಸೂ ನಿಂತುಹೋಯಿತು. ಎಲ್ಲರಿಗೂ ಎಲ್ಲವೂ ಗೊತ್ತಿರುವ ದೇಶ ಅಂದೆನಲ್ಲ, ಆ ದೇಶದ ಜನ ಆಗ ಏನು ಮಾಡಿದರು? ಪರಸ್ಪರ ಮಾತಾಡಿಕೊಂಡು ಸುಮ್ಮನಿದ್ದರಾ? ಇಲ್ಲ. ಕೆಲವೇ ದಿನದಲ್ಲಿ ಕಾನೂನು ಮುರಿದು ಕಳ್ಳ ರೇಡಿಯೋ ಸ್ಟೇಷನ್‌ಗಳು ಹುಟ್ಟಿಕೊಂಡವು. ಅದರಲ್ಲಿ ಒಂದನ್ನ ನಡೆಸಿದ್ದು ಅಚ್ಚಾಗದೇ ಕೂತಿದ್ದ ಒಂದು ದಿನಪತ್ರಿಕೆಯವರೇ. ಪೊಲೀಸರು ಬಂದು ಮುಚ್ಚಿಸಿದರು. ಆದರೆ ಸರ್ಕಾರದ ಏಕಸ್ವಾಮ್ಯ ಮತ್ತೆ ಏಳಲಿಲ್ಲ. 1986ರಿಂದ ಖಾಸಗಿಯವರಿಗೆ ಬಾಗಿಲು ತೆರೆಯಿತು. ಅದೇ ವರ್ಷ ಬ್ಯುಲ್ಗ್ಯಾನ್ ಅನ್ನೋ ಖಾಸಗಿ ರೇಡಿಯೋ, ಸ್ತೋದ್ 2 ಅನ್ನೋ ಖಾಸಗಿ ಟೀವಿ ಬಂದವು.

ಖಾಸಗಿ ಚಾನೆಲ್ ಬಂದರೆ ಎಲ್ಲ ಸರಿಹೋಗುತ್ತೆ ಅಂತ ನಾನು ಹೇಳಿದರೆ ನೀವು ನಗ್ತೀರಿ. ಖಾಸಗಿ ಚಾನೆಲ್‌ನಲ್ಲಿ ಕೂತವರು ಹೇಳೋದೇ ಅದು ಅಂತೀರಿ. ಐಸ್‌ಲ್ಯಾಂಡಿನಲ್ಲೂ ಸರಿಹೋಗಲಿಲ್ಲ. ಸಣ್ಣ ದೇಶದ ತೊಂದರೆ ಏನು ಗೊತ್ತಾ? ಅಲ್ಲಿ ಮಾಧ್ಯಮವೂ ಸಣ್ಣದು, ಅಂದರೆ ಅಗ್ಗ. ನಾಲ್ಕು ಬೇರೆ ವ್ಯವಹಾರದಲ್ಲಿ ದುಡ್ಡು ಮಾಡಿದ ಒಬ್ಬ ಉದ್ಯಮಿ ಅರ್ಧ ದೇಶದ ಸುದ್ದಿಯನ್ನ ಕೊಂಡುಕೊಳ್ಳಬಹುದು. ಹಾಗೇ ಆಯಿತು. 2000ದ ನಂತರದ ವರ್ಷಗಳಲ್ಲಿ ಬೌಗುರ್ ಅನ್ನೋ ಸೂಪರ್ ಮಾರ್ಕೆಟ್ ಸಮೂಹದ ಕೈಗೆ ಫ್ರೆತ್ತಾಬ್ಲಾದಿದ್ ಎಂಬ ಉಚಿತ ದಿನಪತ್ರಿಕೆ, ಡಿವಿ ಎಂಬ ಟ್ಯಾಬ್ಲಾಯ್ಡ್, ಜೊತೆಗೆ ಸ್ತೋದ್ 2 ಮತ್ತು ಬ್ಯುಲ್ಗ್ಯಾನ್ ಬಂದವು.

ಆಗಿನ ಪ್ರಧಾನಿ ದಾವಿದ್ ಓದ್ಸನ್. 1991ರಿಂದ ಅಧಿಕಾರದಲ್ಲಿದ್ದವರು. ಅವರಿಗೂ ಬೌಗುರ್ ಒಡೆಯರಿಗೂ ಆಗಿ ಬರುತ್ತಿರಲಿಲ್ಲ. 2004ರಲ್ಲಿ ಅವರು ಮಾಧ್ಯಮ ಒಡೆತನಕ್ಕೆ ಮಿತಿ ಹಾಕುವ ಕಾನೂನು ತಂದರು. ಪಾರ್ಲಿಮೆಂಟ್ ಪಾಸ್ ಮಾಡಿತು. ರಾಷ್ಟ್ರಪತಿ ಓಲಾವುರ್ ರಾಗ್ನರ್ ಗ್ರಿಮ್ಸನ್ ಸಹಿ ಹಾಕೋದಿಲ್ಲ ಅಂದುಬಿಟ್ಟರು. 1944ರಲ್ಲಿ ಗಣರಾಜ್ಯವಾದ ಮೇಲೆ ರಾಷ್ಟ್ರಪತಿ ಹಾಗೆ ಮಾಡಿದ್ದು ಅದೇ ಮೊದಲು. ಸರ್ಕಾರ ಕಾನೂನನ್ನೇ ವಾಪಸ್ ತಗೊಂಡಿತು. ನನ್ನ ಅಭಿಪ್ರಾಯ ಕೇಳಿದರೆ, ಕಾನೂನು ತಂದವರ ಉದ್ದೇಶ ಬರೀ ಮಾಧ್ಯಮದ ಸ್ವಾತಂತ್ರ್ಯ ಅಂತ ನಂಬೋದು ಕಷ್ಟ, ತಡೆದವರ ಉದ್ದೇಶವೂ ಅಷ್ಟೇ. ಆದರೆ ಪ್ರಶ್ನೆ ಮಾತ್ರ ಸರಿಯಾಗಿತ್ತು. ಉತ್ತರ ಸಿಗದೇ ಉಳಿಯಿತು.

ಆ ಉತ್ತರದ ಬೆಲೆ 2008ರಲ್ಲಿ ಗೊತ್ತಾಯಿತು. ಅಷ್ಟೊತ್ತಿಗೆ ದೊಡ್ಡ ಮಾಧ್ಯಮಗಳೆಲ್ಲ ಬ್ಯಾಂಕುಗಳ ಒಡೆಯರ, ಇಲ್ಲವೇ ಬ್ಯಾಂಕುಗಳಿಂದ ಸಾಲ ಎತ್ತಿದವರ ಕೈಯಲ್ಲಿದ್ದವು. ಮೋರ್ಗುನ್‌ಬ್ಲಾದಿದ್‌ನಲ್ಲೂ ಲ್ಯಾಂಡ್ಸ್‌ಬಾಂಕಿ ಬ್ಯಾಂಕಿನ ದೊಡ್ಡ ಷೇರುದಾರರ ಪಾಲಿತ್ತು. ಗ್ಲಿತ್ನಿರ್, ಲ್ಯಾಂಡ್ಸ್‌ಬಾಂಕಿ, ಕೌಪ್‌ಥಿಂಗ್ ಅಂತ ಮೂರು ಬ್ಯಾಂಕು. ಮೂರೂ ಸೇರಿ ದೇಶದ ಒಂದು ವರ್ಷದ ಒಟ್ಟು ಆದಾಯದ ಒಂಬತ್ತು ಹತ್ತು ಪಟ್ಟು ದೊಡ್ಡದಾಗಿ ಊದಿಕೊಂಡಿದ್ದವು. 2008ರ ಅಕ್ಟೋಬರ್ 6ರಂದು ಪ್ರಧಾನಿ ಗೇರ್ ಹಾರ್ದೆ ಟೀವಿಗೆ ಬಂದು ಭಾಷಣ ಮಾಡಿ, ಕೊನೆಗೆ ದೇವರು ಐಸ್‌ಲ್ಯಾಂಡನ್ನು ಕಾಪಾಡಲಿ ಅಂದರು. ದೇವರ ಹೆಸರನ್ನ ಭಾಷಣದಲ್ಲಿ ತರುವ ಅಭ್ಯಾಸವೇ ಇಲ್ಲದ ರಾಜಕಾರಣ ಅದು. ಜನಕ್ಕೆ ಪರಿಸ್ಥಿತಿ ಎಷ್ಟು ಕೆಟ್ಟಿದೆ ಅಂತ ಅರ್ಥವಾಗಿದ್ದೇ ಆ ಒಂದು ವಾಕ್ಯದಿಂದ. ಅದೇ ವಾರದೊಳಗೆ ಮೂರೂ ಬ್ಯಾಂಕು ಮಗುಚಿಬಿದ್ದವು.

ಜನರ ಸಿಟ್ಟು ಬ್ಯಾಂಕಿನವರ ಮೇಲೆ ಮಾತ್ರ ಇತ್ತು ಅಂದುಕೊಳ್ಳಬೇಡಿ. ಆ ವರ್ಷ ಡಿಸೆಂಬರ್ 31ರಂದು ಸ್ತೋದ್ 2 ಚಾನೆಲ್ ಒಂದು ಹೋಟೆಲ್‌ನಲ್ಲಿ ಪಕ್ಷಗಳ ನಾಯಕರನ್ನೆಲ್ಲ ಕೂರಿಸಿಕೊಂಡು ವರ್ಷಾಂತ್ಯದ ಲೈವ್ ಚರ್ಚೆ ನಡೆಸುತ್ತಿತ್ತು. ಪ್ರತಿಭಟನೆ ಮಾಡುವವರು ನುಗ್ಗಿದರು, ಪ್ರಸಾರದ ಕೇಬಲ್‌ಗಳು ಹಾಳಾದವು, ಕಾರ್ಯಕ್ರಮ ಅರ್ಧಕ್ಕೇ ನಿಂತಿತು. ಸ್ಟುಡಿಯೋದಲ್ಲಿ ಕೆಲಸ ಮಾಡುವ ಯಾರಿಗೇ ಆದರೂ ಈ ದೃಶ್ಯ ನೆನೆಸಿಕೊಂಡರೆ ಎದೆ ಝಲ್ ಅನ್ನುತ್ತೆ. ಆದರೆ ಜನ ಯಾಕೆ ನುಗ್ಗಿದರು ಅಂತಲೂ ಕೇಳಬೇಕಲ್ಲ. ಸಂಸತ್ತು ನೇಮಿಸಿದ ವಿಶೇಷ ತನಿಖಾ ಆಯೋಗ 2010ರ ಏಪ್ರಿಲ್ 12ರಂದು ವರದಿ ಕೊಟ್ಟಿತು. ಅದರಲ್ಲಿ ಮಾಧ್ಯಮದ ಬಗ್ಗೆಯೂ ಇತ್ತು. ಬ್ಯಾಂಕುಗಳನ್ನ ಪ್ರಶ್ನೆ ಮಾಡಬೇಕಾದವರು ಹೊಗಳುತ್ತಾ ಕೂತಿದ್ದರು ಅನ್ನೋದು ಅದರ ಸಾರ. ಎರಡು ಸಾವಿರಕ್ಕೂ ಹೆಚ್ಚು ಪುಟದ ವರದಿ. ರೇಕ್ಯಾವಿಕ್‌ನ ರಂಗಮಂದಿರದಲ್ಲಿ ನಟರು ಅದನ್ನ ಸರದಿ ಮೇಲೆ ಹಗಲೂ ರಾತ್ರಿ ಗಟ್ಟಿಯಾಗಿ ಓದಿದರು. ಇಂಟರ್ನೆಟ್‌ನಲ್ಲಿ ಇಡೀ ವರದಿ ಪುಕ್ಕಟೆ ಸಿಗುತ್ತಿದ್ದಾಗ! ಸಾವಿನ ಲೇಖನದ ಕಥೆ ಹೇಳಿದೆನಲ್ಲ, ಇದೂ ಅದೇ. ಎಲ್ಲರ ಮುಂದೆ ಗೊತ್ತಾಗಬೇಕು.

ಹಾಗಾದರೆ ಹಳೇ ಮಾಧ್ಯಮದ ಕಥೆ 2008ಕ್ಕೇ ಮುಗಿಯಿತು ಅಂತ ಹೇಳಿಬಿಡಬಹುದಿತ್ತು. ತುಂಬಾ ಜನ ಹೇಳಿದರು ಕೂಡ. 2009ರ ಆಗಸ್ಟ್ 1ರ ಸಂಜೆ ನಡೆದಿದ್ದು ಕೇಳಿ. ಕೌಪ್‌ಥಿಂಗ್ ಬ್ಯಾಂಕು ಮುಳುಗುವ ಸ್ವಲ್ಪ ಮುಂಚೆ ತನ್ನ ಒಡೆಯರಿಗೇ ಎಷ್ಟೆಷ್ಟು ಸಾಲ ಕೊಟ್ಟಿತ್ತು ಅನ್ನೋ ಒಳಗಿನ ದಾಖಲೆ ವಿಕಿಲೀಕ್ಸ್‌ಗೆ ಸೋರಿತ್ತು. ರೂವ್ ಟೀವಿ ಏಳು ಗಂಟೆ ನ್ಯೂಸ್‌ನಲ್ಲಿ ಅದನ್ನ ಹೇಳಲು ಸಿದ್ಧವಾಗಿತ್ತು. ನ್ಯೂಸ್ ಶುರುವಾಗಲು ಐದೇ ನಿಮಿಷ ಇದೆ ಅನ್ನುವಾಗ ಬ್ಯಾಂಕಿನ ಕಡೆಯಿಂದ ತಡೆಯಾಜ್ಞೆ ಬಂತು. ಪ್ರಸಾರಕ್ಕೆ ಐದು ನಿಮಿಷ ಮುಂಚೆ ಮುಖ್ಯ ಸುದ್ದಿಯನ್ನೇ ತೆಗೆಯಿರಿ ಅಂದರೆ ಕಂಟ್ರೋಲ್ ರೂಮಿನಲ್ಲಿ ಏನಾಗುತ್ತೆ ಅಂತ ನಾನು ನಿಮಗೆ ವರ್ಣಿಸೋದಿಲ್ಲ, ಅಲ್ಲಿ ಆಡುವ ಮಾತು ಪುಸ್ತಕದಲ್ಲಿ ಅಚ್ಚು ಹಾಕುವಂಥದ್ದಲ್ಲ. ಅವರೇನು ಮಾಡಿದರು? ನಮಗೆ ಈ ಸುದ್ದಿ ಹೇಳಲು ತಡೆಯಾಜ್ಞೆ ಇದೆ ಅಂತ ಹೇಳಿ, ಪರದೆ ಮೇಲೆ ವಿಕಿಲೀಕ್ಸ್ ವೆಬ್‌ಸೈಟಿನ ವಿಳಾಸ ತೋರಿಸಿದರು. ಅಷ್ಟೇ. ಆ ರಾತ್ರಿ ದೇಶವೇ ಹೋಗಿ ಓದಿತು. ಒಂದೆರಡು ದಿನದಲ್ಲಿ ಬ್ಯಾಂಕು ತಡೆಯಾಜ್ಞೆ ಕೈಬಿಟ್ಟಿತು.

ಇದನ್ನ ಇಂಟರ್ನೆಟ್‌ನ ಗೆಲುವು ಅಂತ ಹೇಳುವವರಿದ್ದಾರೆ. ದಾಖಲೆ ಇದ್ದದ್ದು ಇಂಟರ್ನೆಟ್‌ನಲ್ಲೇ, ನಿಜ. ಆದರೆ ಅಲ್ಲಿಗೆ ಬೆರಳು ತೋರಿಸಿದ್ದು ಏಳು ಗಂಟೆ ನ್ಯೂಸ್.

ಇನ್ನು 2016ಕ್ಕೆ ಬರ್ತೀನಿ. ಇಷ್ಟೂ ಹೊತ್ತು ಪೀಠಿಕೆ ಹಾಕಿದ್ದು ಇದಕ್ಕೇ.

ಪನಾಮಾ ಪೇಪರ್ಸ್ ನಿಮಗೆ ನೆನಪಿರಬೇಕು. ಪನಾಮಾದ ಮೊಸಾಕ್ ಫೊನ್ಸೆಕಾ ಅನ್ನೋ ಲಾ ಕಂಪನಿಯಿಂದ ಸೋರಿದ 1.15 ಕೋಟಿ ದಾಖಲೆಗಳು. ತೆರಿಗೆ ತಪ್ಪಿಸಲು ಅನುಕೂಲವಾದ ದೇಶಗಳಲ್ಲಿ ಯಾರ್ಯಾರು ಕಂಪನಿ ಇಟ್ಟಿದ್ದಾರೆ ಅನ್ನೋ ಲೆಕ್ಕ. ಜರ್ಮನಿಯ ಪತ್ರಿಕೆಯೊಂದಕ್ಕೆ ಸಿಕ್ಕಿತು, ಜಗತ್ತಿನ ಸುಮಾರು 370 ಪತ್ರಕರ್ತರು ಗುಟ್ಟಾಗಿ ಹಂಚಿಕೊಂಡು ಕೆಲಸ ಮಾಡಿದರು. ನಮ್ಮ ದೇಶದಿಂದ ಇಂಡಿಯನ್ ಎಕ್ಸ್‌ಪ್ರೆಸ್ ಇತ್ತು. ಐಸ್‌ಲ್ಯಾಂಡಿನಿಂದ ಇದ್ದದ್ದು ಯೋಹಾನ್ನೆಸ್ ಕ್ರಿಸ್ತ್ಯಾನ್ಸನ್. ರೂವ್‌ನಲ್ಲಿ ಮುಂಚೆ ಕೆಲಸ ಮಾಡಿದ್ದ, ಆಗ ಸ್ವಂತವಾಗಿ ದುಡಿಯುತ್ತಿದ್ದ ತನಿಖಾ ವರದಿಗಾರ. ಅವರ ಕೈಗೆ ಸಿಕ್ಕಿದ ಹೆಸರು ಸ್ವತಃ ತಮ್ಮ ಪ್ರಧಾನಿಯದ್ದು, ಸಿಗ್ಮುಂದುರ್ ದಾವಿದ್ ಗುನ್‌ಲೋಗ್ಸನ್. ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ ವಿಂಟ್ರಿಸ್ ಅನ್ನೋ ಕಂಪನಿ. ಪ್ರಧಾನಿ ಮತ್ತು ಅವರ ಹೆಂಡತಿಯದ್ದು. 2009ರ ಕೊನೆಯ ದಿನ ತಮ್ಮ ಅರ್ಧ ಪಾಲನ್ನ ಅವರು ಹೆಂಡತಿಗೆ ಮಾರಿದ್ದರು. ಬೆಲೆ ಎಷ್ಟು ಗೊತ್ತಾ? ಒಂದು ಡಾಲರ್. ತಮಾಷೆ ಅಂದರೆ ಮುಳುಗಿದ ಆ ಬ್ಯಾಂಕುಗಳಿಂದ ದುಡ್ಡು ಬರಬೇಕಾದವರ ಪಟ್ಟಿಯಲ್ಲಿ ಈ ವಿಂಟ್ರಿಸ್ ಕೂಡ ಇತ್ತು. ಅದೇ ಬ್ಯಾಂಕುಗಳ ಸಾಲಗಾರರ ಜೊತೆ ಸರ್ಕಾರ ಚೌಕಾಸಿ ಮಾಡುತ್ತಿದ್ದಾಗ ಸರ್ಕಾರದ ಮುಖ್ಯಸ್ಥ ಯಾರು? ಇದೇ ಪ್ರಧಾನಿ.

ಈಗ ಸಣ್ಣ ದೇಶದ ಸಮಸ್ಯೆ ಬಂತು. ಯೋಹಾನ್ನೆಸ್ ನೇರವಾಗಿ ಸಂದರ್ಶನ ಕೇಳಿದರೆ? ಅವರು ಎಂಥ ವರದಿಗಾರ ಅಂತ ಇಡೀ ಊರಿಗೆ ಗೊತ್ತು. ಫೋನ್ ಇಡುವಷ್ಟರಲ್ಲಿ ವಿಷಯ ಏನಿರಬಹುದು ಅಂತ ಲೆಕ್ಕ ಹಾಕಿಬಿಡ್ತಾರೆ. ಹಾಗಾಗಿ ಸ್ವೀಡನ್ನಿನ ಸರ್ಕಾರಿ ಟೀವಿಯ ಸ್ವೆನ್ ಬರ್ಗ್‌ಮನ್ ಸಂದರ್ಶನ ಕೇಳಿದರು. 2016ರ ಮಾರ್ಚ್ 11. ಮೊದಲು ಸಾಮಾನ್ಯ ಪ್ರಶ್ನೆಗಳು. ತೆರಿಗೆ ತಪ್ಪಿಸುವವರ ಬಗ್ಗೆ ಏನು ಹೇಳ್ತೀರಿ ಅಂದಾಗ, ಸಮಾಜಕ್ಕೆ ಎಲ್ಲರೂ ತಮ್ಮ ಪಾಲು ಕೊಡಬೇಕು ಅನ್ನೋ ಧಾಟಿಯಲ್ಲಿ ಪ್ರಧಾನಿ ಚೆನ್ನಾಗೇ ಮಾತಾಡಿದರು. ಆಮೇಲೆ, ನಿಮಗೆ ಅಂಥ ಕಂಪನಿ ಏನಾದರೂ ಇದೆಯಾ ಅನ್ನೋ ಪ್ರಶ್ನೆ. ಮುಖ ಸ್ವಲ್ಪ ಬದಲಾಯಿತು, ಇಲ್ಲ ಅಂದರು. ವಿಂಟ್ರಿಸ್ ಬಗ್ಗೆ ಹೇಳಿ ಅಂದಾಗ ತಡವರಿಸಿದರು. ಅಷ್ಟರಲ್ಲಿ ಯೋಹಾನ್ನೆಸ್ ಬಂದು ಪಕ್ಕದಲ್ಲಿ ಕೂತು ಐಸ್‌ಲ್ಯಾಂಡಿಕ್ ಭಾಷೆಯಲ್ಲೇ ಕೇಳಲು ಶುರು ಮಾಡಿದರು. ಪ್ರಧಾನಿ ಎದ್ದು ಹೊರಟುಹೋದರು.

ಆ ವಿಡಿಯೋ ಇವತ್ತಿಗೂ ಸಿಗುತ್ತೆ, ನೋಡಿ. ನಾನು ಎಷ್ಟು ಸಲ ನೋಡಿದ್ದೀನೋ ಲೆಕ್ಕ ಇಲ್ಲ. ಒಂದೇ ಒಂದು ಸಲವೂ ಕೇಳುವವರು ದನಿ ಎತ್ತಲ್ಲ. ಬೆರಳು ತೋರಿಸಲ್ಲ. ಮೇಜು ಕುಟ್ಟಲ್ಲ. ಕೆಳಗೆ ಕೆಂಪು ಪಟ್ಟಿ ಓಡಲ್ಲ. ಕೈಯಲ್ಲಿ ದಾಖಲೆ ಇದ್ದವರಿಗೆ ಕೂಗುವ ಅಗತ್ಯವಿರಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಜನ ಇದನ್ನ ಮರೀತಾರೆ. ಸಂದರ್ಶನ ಪ್ರಸಾರವಾಗೋದಕ್ಕೆ ಮುಂಚೆಯೇ, ಮಾರ್ಚ್ 15ರಂದು, ಪ್ರಧಾನಿಯ ಹೆಂಡತಿ ಫೇಸ್‌ಬುಕ್‌ನಲ್ಲಿ ತಾವೇ ಬರೆದುಕೊಂಡರು. ಹೌದು, ನನಗೆ ವಿದೇಶದಲ್ಲಿ ಕಂಪನಿ ಇದೆ, ಅದು ನನ್ನ ಅಪ್ಪನ ಮನೆಯಿಂದ ಬಂದ ಆಸ್ತಿ, ತೆರಿಗೆ ಎಲ್ಲ ಕಟ್ಟಿದ್ದೀನಿ ಅಂತ. ಅಂದರೆ ಮಾಹಿತಿ ಬಯಲಾಯಿತು! ಸೋಷಿಯಲ್ ಮೀಡಿಯಾದಲ್ಲೇ ಬಯಲಾಯಿತು, ಅದೂ ಮನೆಯವರಿಂದಲೇ. ಪತ್ರಿಕೆಗಳು ಬರೆದವು, ವಿರೋಧ ಪಕ್ಷದವರು ಮಾತಾಡಿದರು, ಬೇಕಾದಷ್ಟು ಚರ್ಚೆಯೂ ಆಯಿತು. ಆದರೆ ಸರ್ಕಾರ ಅಲ್ಲಾಡಲಿಲ್ಲ. ಹತ್ತೊಂಬತ್ತು ದಿನ ಹಾಗೇ ಕಳೆಯಿತು.

ಏಪ್ರಿಲ್ 3, ಭಾನುವಾರ ಸಂಜೆ. ರೂವ್‌ನ ಕಾಸ್ಟ್‌ಲ್ಯೋಸ್ ಕಾರ್ಯಕ್ರಮದಲ್ಲಿ ಆ ಸಂದರ್ಶನ ಪ್ರಸಾರವಾಯಿತು. ಮಾರನೇ ದಿನ ಸಂಜೆ ಪಾರ್ಲಿಮೆಂಟ್ ಮುಂದಿನ ಮೈದಾನದಲ್ಲಿ ಜನವೋ ಜನ. ಸಂಘಟಕರ ಲೆಕ್ಕದಲ್ಲಿ 20 ಸಾವಿರ ದಾಟಿತ್ತು. ಪೊಲೀಸರ ಲೆಕ್ಕ ಇನ್ನೂ ಕಡಿಮೆ, ಅದು ಎಲ್ಲ ಊರಲ್ಲೂ ಹಾಗೇ ಬಿಡಿ. ಆಗ ದೇಶದ ಜನಸಂಖ್ಯೆ ಸುಮಾರು 3.3 ಲಕ್ಷ. ಸಂಘಟಕರ ಲೆಕ್ಕ ಹಿಡಿದರೆ ನೂರಕ್ಕೆ ಆರು ಜನ ಒಂದೇ ಮೈದಾನದಲ್ಲಿ. ನಮ್ಮ ರಾಜ್ಯದ 2011ರ ಜನಸಂಖ್ಯೆಗೆ ಹೋಲಿಸಿದರೆ ಮೂವತ್ತಾರು ಲಕ್ಷಕ್ಕೂ ಹೆಚ್ಚು ಜನ ವಿಧಾನಸೌಧದ ಮುಂದೆ ಬಂದು ನಿಂತ ಹಾಗೆ. ಮೊಟ್ಟೆ ಎಸೆದರು, ಮೊಸರು ಎರಚಿದರು, ಬಾಳೆಹಣ್ಣು ಹಿಡಿದುಕೊಂಡು ಬಂದರು. ನಮ್ಮದು ಬನಾನಾ ರಿಪಬ್ಲಿಕ್ ಆಯಿತಲ್ಲ ಅನ್ನೋ ವ್ಯಂಗ್ಯ. ಏಪ್ರಿಲ್ 5ಕ್ಕೆ ಪ್ರಧಾನಿ ಕುರ್ಚಿ ಬಿಟ್ಟರು. ತಾವು ಕಾನೂನು ಮುರಿದಿಲ್ಲ, ತೆರಿಗೆ ತಪ್ಪಿಸಿಲ್ಲ ಅನ್ನೋದು ಆಗಲೂ ಆಮೇಲೂ ಅವರ ವಾದ. ಅದೇ ಅಕ್ಟೋಬರ್‌ನಲ್ಲಿ ಅವಧಿಗೆ ಮುಂಚೆಯೇ ಚುನಾವಣೆ ನಡೆಯಿತು.

ಮೈದಾನಕ್ಕೆ ಬನ್ನಿ ಅಂತ ಕರೆ ಹೋಗಿದ್ದು ಫೇಸ್‌ಬುಕ್‌ನಲ್ಲೇ, ಅದನ್ನ ನಾನು ಮುಚ್ಚಿಡಲ್ಲ. ಆದರೆ ಬರೋದಕ್ಕೆ ಕಾರಣ ಕೊಟ್ಟಿದ್ದು ಯಾವುದು? ಕಂಪನಿ ಇದೆ ಅನ್ನೋ ಮಾಹಿತಿ ಮಾರ್ಚ್ 15ರಿಂದಲೂ ಇತ್ತು. ಹೊಸದಾಗಿ ಬಂದದ್ದು ಒಂದು ಮುಖ. ನೇರ ಪ್ರಶ್ನೆ ಕೇಳಿದಾಗ ತಡವರಿಸಿದ ಮುಖ, ಎದ್ದು ಹೋದ ಬೆನ್ನು. ಅದನ್ನ ಒಂದೇ ಸಂಜೆ, ಒಂದೇ ಹೊತ್ತಿಗೆ, ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ನೋಡಿದರು. ನಾನು ನೋಡಿದ್ದನ್ನೇ ನೆರೆಮನೆಯವರೂ ನೋಡಿದ್ದಾರೆ ಅಂತ ಪ್ರತಿಯೊಬ್ಬರಿಗೂ ಗೊತ್ತಿತ್ತು. ಇದು ಮುಖ್ಯ. ನಮ್ಮ ಎಲೆಕ್ಟ್ರಾನಿಕ್ಸ್ ಲ್ಯಾಬ್‌ನಲ್ಲಿ ಮೊದಲ ವಾರವೇ ಹೇಳಿಕೊಡುತ್ತಿದ್ದರು, ವೋಲ್ಟೇಜ್ ಅನ್ನೋದನ್ನ ಸುಮ್ಮನೆ ಅಳೆಯೋಕೆ ಆಗಲ್ಲ, ಎಲ್ಲದಕ್ಕೂ ಒಂದು ಸಾಮಾನ್ಯ ಗ್ರೌಂಡ್ ಬೇಕು, ಅದಕ್ಕೆ ಹೋಲಿಸಿಯೇ ಅಳೆಯಬೇಕು. ಗ್ರೌಂಡ್ ವೈರ್ ಕಿತ್ತರೆ ಮೀಟರ್ ಏನೇನೋ ತೋರಿಸುತ್ತೆ. ಫೇಸ್‌ಬುಕ್‌ನಲ್ಲಿ ನಿಮಗೆ ಕಾಣೋದು ಬೇರೆ, ನನಗೆ ಕಾಣೋದು ಬೇರೆ. ಗ್ರೌಂಡ್ ಎಲ್ಲಿದೆ?

ಇನ್ನೊಂದು ವಿಷಯ. ಎಲ್ಲರೂ ಎಲ್ಲರಿಗೂ ಬೇಕಾದವರಾಗಿರುವ ಊರಿನಲ್ಲಿ ಸುದ್ದಿಗೆ ಬರ ಇರಲ್ಲ. ಮುಖಕ್ಕೆ ಮುಖ ಕೊಟ್ಟು ಕೇಳುವವರಿಗೆ ಬರ. ಯಾಕಂದ್ರೆ ನಾಳೆ ಬೆಳಗ್ಗೆ ಅದೇ ಈಜುಕೊಳದಲ್ಲಿ ಅವರೇ ಸಿಗ್ತಾರೆ, ಅವರ ಮಗಳು ನಿಮ್ಮ ಮಗನ ಕ್ಲಾಸಿನಲ್ಲಿ ಇರ್ತಾಳೆ. ನನ್ನ ಕೆಲಸ ಇದು, ಕೇಳಲೇಬೇಕು ಅಂತ ಹೇಳಿಕೊಳ್ಳೋಕೆ ಒಂದು ಸಂಸ್ಥೆಯ ಹೆಸರು, ಒಂದು ವೃತ್ತಿ, ಒಂದು ಸಂಬಳ ಹಿಂದೆ ಇರಬೇಕು. ಇಲ್ಲದಿದ್ದರೆ ಮಾತು ಕಾಫಿ ಟೇಬಲ್‌ನಲ್ಲೇ ಉಳಿಯುತ್ತೆ.

ಹಾಗೆ ಕೇಳಿದವರಿಗೆ ಏನಾಗುತ್ತೆ ಅನ್ನೋದನ್ನೂ ಹೇಳಬೇಕು. 2019ರ ನವೆಂಬರ್ 12ರಂದು ರೂವ್‌ನ ಕ್ವೇಕುರ್ ಕಾರ್ಯಕ್ರಮ, ಸ್ಟುಂಡಿನ್ ಪತ್ರಿಕೆ, ವಿಕಿಲೀಕ್ಸ್ ಮತ್ತು ಅಲ್ ಜಜೀರಾ ಒಟ್ಟಿಗೆ ಒಂದು ವರದಿ ಬಿಟ್ಟವು. ಐಸ್‌ಲ್ಯಾಂಡಿನ ದೈತ್ಯ ಮೀನುಗಾರಿಕೆ ಕಂಪನಿ ಸಾಮ್‌ಹೇರ್ಯಿ ಆಫ್ರಿಕಾದ ನಮೀಬಿಯಾದಲ್ಲಿ ಮೀನು ಹಿಡಿಯುವ ಕೋಟಾ ಪಡೆಯಲು ಲಂಚ ಕೊಟ್ಟಿದೆ ಅನ್ನೋ ಆರೋಪ. ದಾಖಲೆ ಕೊಟ್ಟಿದ್ದು ಆ ಕಂಪನಿಯಲ್ಲೇ ಕೆಲಸ ಮಾಡಿದ್ದ ವ್ಯಕ್ತಿ. ಮಾರನೇ ದಿನವೇ ನಮೀಬಿಯಾದ ಇಬ್ಬರು ಮಂತ್ರಿಗಳು ರಾಜೀನಾಮೆ ಕೊಟ್ಟರು, ಅದೇ ತಿಂಗಳು ಬಂಧನವೂ ಆಯಿತು. ಲಂಚ ಕೊಟ್ಟಿಲ್ಲ, ಏನಾದರೂ ಆಗಿದ್ದರೆ ಅದು ಆ ಮಾಜಿ ನೌಕರನದ್ದೇ ಕೆಲಸ ಅನ್ನೋದು ಕಂಪನಿಯ ವಾದ. ಆಮೇಲೆ ಕಂಪನಿ ರೂವ್‌ನ ವರದಿಗಾರ ಹೆಲ್ಗಿ ಸೆಲ್ಯಾನ್ ವಿರುದ್ಧವೇ ಯೂಟ್ಯೂಬ್‌ನಲ್ಲಿ ವಿಡಿಯೋ ಮಾಡಿ ಹಾಕಿತು. ಕಂಪನಿಯ ಪರವಾಗಿ ಪತ್ರಕರ್ತರ ಹೆಸರು ಕೆಡಿಸಲು ಒಂದು ಗುಂಪೇ ಕೆಲಸ ಮಾಡುತ್ತಿತ್ತು ಅಂತ 2021ರಲ್ಲಿ ಎರಡು ಪತ್ರಿಕೆಗಳು ಬಯಲು ಮಾಡಿದವು, ಕಂಪನಿ ಕ್ಷಮೆ ಕೇಳಿತು. ಅಲ್ಲಿಗೆ ಮುಗಿಯಿತಾ? ಇಲ್ಲ. ಆ ಗುಂಪಿನ ಕಥೆಗೆ ಆಧಾರವಾದ ಫೋನ್ ಮಾಹಿತಿ ಹೇಗೆ ಸಿಕ್ಕಿತು ಅಂತ ಪೊಲೀಸರು ನಾಲ್ವರು ಪತ್ರಕರ್ತರನ್ನೇ ಶಂಕಿತರು ಅಂತ ಮಾಡಿ 2022ರಲ್ಲಿ ವಿಚಾರಣೆಗೆ ಕರೆದರು. ಕೇಸ್ ಕೈಬಿಟ್ಟಿದ್ದು 2024ರಲ್ಲಿ. ಎರಡು ವರ್ಷಕ್ಕೂ ಹೆಚ್ಚು ಕಾಲ ಶಂಕಿತ ಅನ್ನೋ ಹಣೆಪಟ್ಟಿ ಹೊತ್ತು ವರದಿ ಬರೀಬೇಕು ಅಂದರೆ ಯೋಚಿಸಿ.

ಈ ನಡುವೆ ಮಾಧ್ಯಮದ ಹೊಟ್ಟೆಗೇ ಕಲ್ಲು ಬಿದ್ದಿದೆ. ಮನೆಮನೆಗೆ ಪುಕ್ಕಟೆ ಬಂದು ಬೀಳುತ್ತಿದ್ದ ಫ್ರೆತ್ತಾಬ್ಲಾದಿದ್ 2023ರ ಜನವರಿಯಲ್ಲಿ ಮನೆಗೆ ಹಂಚೋದನ್ನ ನಿಲ್ಲಿಸಿತು. ಬೇಕಾದವರು ಅಂಗಡಿ ಬಾಗಿಲಲ್ಲಿ ಎತ್ತಿಕೊಳ್ಳಿ ಅಂತ. ಮೂರೇ ತಿಂಗಳು, ಮಾರ್ಚ್ 31ಕ್ಕೆ ಪತ್ರಿಕೆಯೇ ಬಂದ್. ಜಾಹೀರಾತು ಗೂಗಲ್‌ಗೂ ಫೇಸ್‌ಬುಕ್‌ಗೂ ಹೋಗುತ್ತೆ, ಸಣ್ಣ ಭಾಷೆಯ ಮಾರುಕಟ್ಟೆಯಲ್ಲಿ ಉಳಿಯೋದು ಪುಡಿಗಾಸು. ಖಾಸಗಿ ಮಾಧ್ಯಮಕ್ಕೆ ಸರ್ಕಾರವೇ ಸಹಾಯಧನ ಕೊಡುವ ಕಾನೂನು 2021ರಲ್ಲಿ ಬಂದಿದೆ. ಆದರೆ ಸರ್ಕಾರದ ದುಡ್ಡು ತಿಂದು ಸರ್ಕಾರವನ್ನ ಕೇಳೋದು ಹೇಗೆ ಅನ್ನೋ ವಾದ ಅಲ್ಲೂ ಇದೆ. ಮುದ್ರಣದಲ್ಲಿ ಉಳಿದ ದಿನಪತ್ರಿಕೆ ಮೋರ್ಗುನ್‌ಬ್ಲಾದಿದ್ ಒಂದೇ. 2009ರಲ್ಲಿ ಅದನ್ನ ಕೊಂಡವರಲ್ಲಿ ಮೀನುಗಾರಿಕೆ ಉದ್ಯಮದ ದೊಡ್ಡ ಕುಳಗಳಿದ್ದರು. ಅವರು ಸಂಪಾದಕರನ್ನಾಗಿ ತಂದು ಕೂರಿಸಿದ್ದು ಯಾರನ್ನ ಹೇಳಿ? ಮಾಧ್ಯಮ ಒಡೆತನಕ್ಕೆ ಮಿತಿ ಬೇಕು ಅಂದಿದ್ದ, ಬ್ಯಾಂಕುಗಳು ಮುಳುಗಿದಾಗ ಸೆಂಟ್ರಲ್ ಬ್ಯಾಂಕ್ ಗವರ್ನರ್ ಆಗಿದ್ದ ಅದೇ ದಾವಿದ್ ಓದ್ಸನ್ ಅವರನ್ನ. ಕಥೆ ಬರೆಯುವವರೂ ಇಷ್ಟು ಧೈರ್ಯ ಮಾಡಲ್ಲ.

2023ರ ನವೆಂಬರ್ 10ರ ರಾತ್ರಿ ಗ್ರಿಂದಾವಿಕ್ ಅನ್ನೋ ಮೀನುಗಾರರ ಊರನ್ನ ಖಾಲಿ ಮಾಡಿಸಿದರು. ನೆಲದಡಿ ಮ್ಯಾಗ್ಮಾ ಹರಿದು ಬರುತ್ತಿತ್ತು, ಭೂಮಿ ಬಿಡದೆ ನಡುಗುತ್ತಿತ್ತು. ಸುಮಾರು 3,800 ಜನ ಕೈಗೆ ಸಿಕ್ಕಿದ್ದನ್ನ ಹಿಡಿದುಕೊಂಡು ಕಾರು ಹತ್ತಿದರು. ದೇಶಕ್ಕೆ ದೇಶವೇ ರಾತ್ರಿಯಿಡೀ ರೂವ್ ಹಾಕಿಕೊಂಡು ಕೂತಿತ್ತು. ಅದೇ ತಿಂಗಳು ರೂವ್‌ನ ಫೋಟೋಗ್ರಾಫರ್ ಒಬ್ಬರು ಖಾಲಿ ಮನೆಯೊಂದರ ಬಾಗಿಲು ತೆಗೆಯಲು ನೋಡಿದ್ದು ಆ ಮನೆಯ ಕ್ಯಾಮೆರಾದಲ್ಲೇ ಸಿಕ್ಕಿಬಿತ್ತು. ಊರವರಿಗೆ ಸಿಟ್ಟು ಬಂತು, ಸಂಸ್ಥೆ ಕ್ಷಮೆ ಕೇಳಿತು. ಊರೊಳಗೆ ಪತ್ರಕರ್ತರನ್ನ ಬಿಡಬೇಕೋ ಬೇಡವೋ ಅನ್ನೋ ಜಗಳ ಜೋರಾಯಿತು. ಬಿಡಲೇಬೇಕು ಅಂತ ಪತ್ರಕರ್ತರ ಸಂಘ ಸರ್ಕಾರದ ಮೇಲೆ ಕೋರ್ಟಿಗೂ ಹೋಯಿತು.

2024ರ ಜನವರಿ 14, ಭಾನುವಾರ. ಊರಿನ ಅಂಚಿನಲ್ಲೇ ನೆಲ ಬಿರಿಯಿತು, ಲಾವಾ ಒಳಗೆ ನುಗ್ಗಿತು. ಒಂದು ಮನೆಗೆ ಬೆಂಕಿ ಹತ್ತಿತು, ಆಮೇಲೆ ಪಕ್ಕದ ಮನೆಗೆ, ಆಮೇಲೆ ಇನ್ನೊಂದಕ್ಕೆ. ಟೀವಿ ಲೈವ್ ತೋರಿಸುತ್ತಿತ್ತು. ಆ ಊರಿನವರು ಬೇರೆ ಊರಲ್ಲಿ, ಯಾರದೋ ಸೋಫಾ ಮೇಲೆ ಕೂತು ನೋಡುತ್ತಿದ್ದರು.